ಪರರ ಅಂಗಣಕ್ಕೆ ಹೊರಟವರು

ಸೋಲು ಬಹುಮಟ್ಟಿಗೆ ನಿಶ್ಚಿತವೆಂದು ಬುದ್ಧಿಗೆ ತಿಳಿದಿದ್ದರೂ ಮನಸ್ಸು ಗೆಲುವನ್ನೇ ಹಾರೈಸುತ್ತಿದ್ದರೆ ಆ ಹಾರೈಕೆಯನ್ನು ಏನೆಂದು ಕರೆಯಬೇಕು? ಆತ್ಮವಂಚನೆಯೆಂದೇ, ನಿಷ್ಠೆಯೆಂದೇ? ಈ ಪ್ರಶ್ನೆಯನ್ನು ನಾವು ವೇದಾಂತ ಗ್ರಂಥಗಳಿಂದ ಎತ್ತಿಕೊಂಡದ್ದಲ್ಲ. 2007ರಲ್ಲಿ ಅಮೆರಿಕದ ಒಂದು ಕಾಲೇಜು ಆಟದ ನೆಪದಲ್ಲಿ ಅದು ನಮ್ಮೆದುರು ಬಂದು ನಿಂತಿತು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಚೆಂಡಾಟದ ಮಾತೇಕೆಂದು ಸಂಘದ ಹಿರಿಯರು ಹುಬ್ಬೇರಿಸದಿರಲಿ. ಮಾತು ಕೊನೆಗೆ ಕಾಸರಗೋಡಿನ ರೈಲು ನಿಲ್ದಾಣಕ್ಕೇ ಬಂದು ಸೇರುತ್ತದೆ.

ನಿವೃತ್ತರಾದ ಮೇಲೆ ಆ ವರ್ಷ ನಾವು ದಂಪತಿಗಳು ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ, ಮಗಳ ಮನೆಯಲ್ಲಿ, ಕೆಲವು ತಿಂಗಳು ಇದ್ದೆವು. ಆಗಸ್ಟ್ ತಿಂಗಳ ಕೊನೆಯ ವಾರ. ನೆರೆಮನೆಯ ಗೃಹಸ್ಥರೊಬ್ಬರು ತಮ್ಮ ಕಾರಿನ ಕಿಟಕಿಗಳಿಗೆ ಕಪ್ಪು-ಹಳದಿ ಬಣ್ಣದ ಪುಟ್ಟ ಬಾವುಟಗಳನ್ನು ಸಿಕ್ಕಿಸುತ್ತಿದ್ದರು. ಚುನಾವಣೆಯೇನೋ ಎಂದುಕೊಂಡೆವು. ವಿಚಾರಿಸಿದಾಗ ತಿಳಿಯಿತು, ಅವರು ಬೂನ್ ಎಂಬ ಬೆಟ್ಟದ ಮೇಲಿನ ಸಣ್ಣ ಪಟ್ಟಣದಲ್ಲಿರುವ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ. ಶನಿವಾರ ಸೆಪ್ಟೆಂಬರ್ 1ರಂದು ಆ ಕಾಲೇಜಿನ ತಂಡ ಮಿಷಿಗನ್ ವಿಶ್ವವಿದ್ಯಾನಿಲಯದ ತಂಡದೊಡನೆ, ಅವರದೇ ಊರಾದ ಆನ್ ಆರ್ಬರಿನಲ್ಲಿ, ಫುಟ್ಬಾಲ್ ಆಡಲಿತ್ತು. ಇವರು ಅದನ್ನು ನೋಡಲು ಇಡೀ ಹಗಲು ಕಾರು ಓಡಿಸಿಕೊಂಡು ಹೋಗುವವರು.

ಅವರ ಫುಟ್ಬಾಲ್ ನಮ್ಮ ಕರಾವಳಿಯ ಮಕ್ಕಳು ಗದ್ದೆಯಲ್ಲಿ ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ, ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ. ಹೆಸರು ಮಾತ್ರ ಏಕೆ ಫುಟ್ಬಾಲ್ ಎಂದು ನಾವು ಕೇಳಿದ್ದಕ್ಕೆ ಅಳಿಯನಲ್ಲೂ ಉತ್ತರವಿರಲಿಲ್ಲ. ಅದಿರಲಿ. ಎರಡು ತಂಡಗಳ ನಡುವಿನ ಅಂತರವನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಮಿಷಿಗನ್ ಆ ವರ್ಷ ರಾಷ್ಟ್ರದಲ್ಲಿ ಐದನೆಯ ಸ್ಥಾನದ ತಂಡವೆಂದು ಎಣಿಕೆಯಾಗಿತ್ತು. ಅದರ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ. ಬೂನ್ ಪಟ್ಟಣದ ಎಲ್ಲ ನಿವಾಸಿಗಳನ್ನೂ ಕೂರಿಸಿದರೂ ಅದರ ಒಂದು ಮೂಲೆ ತುಂಬೀತು ಅಷ್ಟೆ. ಅಪಲಾಚಿಯನ್ ಆಗ ಒಂದು ಮೆಟ್ಟಿಲು ಕೆಳಗಿನ ವಿಭಾಗದ ತಂಡ. ಮೇಲಿನ ವಿಭಾಗದ ಕಾಲೇಜು ಆಗ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿದ್ದರೆ ಕೆಳಗಿನದಕ್ಕೆ 63ರ ಮಿತಿಯಿತ್ತು. ತನ್ನ ವಿಭಾಗದಲ್ಲಿ ಅದು 2005 ಮತ್ತು 2006ರಲ್ಲಿ ರಾಷ್ಟ್ರ ಪ್ರಶಸ್ತಿ ಗೆದ್ದಿತ್ತು, ಅಷ್ಟೇನೂ ಬಡವಲ್ಲ ಎನ್ನಿ. ಆದರೆ ಕೆಳಗಿನ ವಿಭಾಗದ ಒಂದು ತಂಡ ಮೇಲಿನ ವಿಭಾಗದ ಶ್ರೇಯಾಂಕಿತ ತಂಡವನ್ನು ಸೋಲಿಸುವುದು ತೀರ ಅಪರೂಪದ ಸಂಗತಿಯಾಗಿತ್ತು.

“ಗೆಲ್ಲುವಿರೋ?” ಎಂದು ನಾವು ಆ ನೆರೆಯವರನ್ನು ಕೇಳಿದೆವು. ಅವರು ನಕ್ಕು, “ಇಲ್ಲ” ಎಂದರು.

“ಹಾಗಾದರೆ ಅಷ್ಟು ದೂರ ಏಕೆ ಹೋಗುತ್ತೀರಿ?”

“ಹುಡುಗರು ಹೋಗುತ್ತಿದ್ದಾರಲ್ಲ” ಎಂದರು.

ಉತ್ತರ ನಮಗೆ ಆಗ ಅಷ್ಟಾಗಿ ನಾಟಲಿಲ್ಲ. ಏಕೆಂದರೆ ಅದೇ ಮನುಷ್ಯರು ಮರುದಿನ ಸಂಜೆ ಬೇಲಿಯ ಬಳಿ ನಿಂತು ಬೇರೆ ರಾಗ ಹಾಡಿದರು. ನಮ್ಮ ಮುಂದಾಳು ಆಟಗಾರ ಎಸೆಯಲೂ ಬಲ್ಲ, ಓಡಲೂ ಬಲ್ಲ. ಅವರದು ಭಾರೀ ದೇಹದ ರಕ್ಷಣೆ, ತಿರುಗುವಷ್ಟರಲ್ಲಿ ಇವನು ದಾಟಿರುತ್ತಾನೆ. ಋತುವಿನ ಮೊದಲ ಪಂದ್ಯ, ಅವರು ನಮ್ಮನ್ನು ಲೆಕ್ಕಕ್ಕೆ ಇಟ್ಟಿರಲಾರರು. ಒಂದು ವೇಳೆ ಮೊದಲ ಅರ್ಧ ಹೊತ್ತು ಸಮಸಮ ನಿಂತರೆ... ಗುರುವಾರದ ಹೊತ್ತಿಗೆ ‘ಇಲ್ಲ’ ಎಂಬುದು ‘ಒಂದು ವೇಳೆ’ ಆಗಿತ್ತು. ಶುಕ್ರವಾರ ಬೆಳಗಿನ ಜಾವ ಅವರ ಕಾರು ಹೊರಟಾಗ, ಹಿಂದಿನ ವರ್ಷ ಪ್ರಶಸ್ತಿ ಗೆದ್ದ ದಿನ ತೊಟ್ಟಿದ್ದ ಹಳೆಯ ಅಂಗಿಯೇ ಅವರ ಮೈಮೇಲಿತ್ತು. ಪಂದ್ಯಕ್ಕೆ ಮುಂಚೆ ದೇವಸ್ಥಾನಕ್ಕೆ ತೆಂಗಿನಕಾಯಿ ಕೊಡುವ ನಮ್ಮವರಿಗೂ ಅವರಿಗೂ ಏನು ಭೇದ!

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಮಗೆ ನೆನಪಾಯಿತು. ಆದರೆ ವಿರಾಟಪುತ್ರ ತಾನೇ ಗೆಲ್ಲುತ್ತೇನೆಂದು ಕೊಚ್ಚಿಕೊಂಡವನು. ಈ ಗೃಹಸ್ಥರಾದರೋ ತಾವು ಮುಟ್ಟದ ಚೆಂಡಿನ ಬಗ್ಗೆ, ತಾವು ಮಾಡದ ಸಾಧನೆಯ ಬಗ್ಗೆ ‘ನಾವು’ ಎನ್ನುತ್ತಿದ್ದರು. ಯಾವ ಅಧಿಕಾರದಿಂದ?

ನಮ್ಮ ಭಾಷೆಯಲ್ಲಿ ಇಂಥವನಿಗೆ ‘ಅಭಿಮಾನಿ’ ಎಂಬ ಮಾತಿದೆ. ಇಂಗ್ಲಿಷಿನ ‘ಫ್ಯಾನ್’ ಎಂಬುದು ದೇವಾಲಯಕ್ಕೆ ಸಂಬಂಧಿಸಿದ ಲ್ಯಾಟಿನ್ ಮೂಲದಿಂದ, ಮತಾವೇಶದ ಅರ್ಥದ ಮೂಲಕ ಬಂದುದೆನ್ನುತ್ತಾರೆ. ನಮ್ಮ ಶಬ್ದದ ಹುಟ್ಟು ಇನ್ನೂ ಕುತೂಹಲಕರ. ಸಾಂಖ್ಯರು ಅಹಂಕಾರದ ಲಕ್ಷಣವನ್ನೇ ಅಭಿಮಾನವೆಂದರು; ನಾನಲ್ಲದುದನ್ನು ನಾನು ಎಂದೂ ನನ್ನದಲ್ಲದುದನ್ನು ನನ್ನದು ಎಂದೂ ಬಗೆಯುವುದು. ಶಾಸ್ತ್ರದಲ್ಲಿ ಕಳೆದುಕೊಳ್ಳಬೇಕಾದ ದೋಷ. ವ್ಯವಹಾರದಲ್ಲಿ ಭಾಷಾಭಿಮಾನ, ನಾಡಾಭಿಮಾನ ಎಂದು ಸನ್ಮಾನಪತ್ರಗಳಲ್ಲಿ ಬರೆಸಿಕೊಳ್ಳುವ ಗುಣ. ಒಂದೇ ಮಾತು ಎರಡು ಕಡೆ ಹೇಗೆ ಸಲ್ಲುತ್ತದೆ ಎಂದು ತರಗತಿಯಲ್ಲಿ ಯಾವ ಹುಡುಗನೂ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನಾವು ತೊದಲುತ್ತಿದ್ದೆವು.

ಗೀತೆಯ ಬೋಧೆಯನ್ನು ಇಲ್ಲಿಗೆ ಅನ್ವಯಿಸಿ ನೋಡಿದರೆ ಅಭಿಮಾನಿಯ ಸ್ಥಿತಿ ವಿಚಿತ್ರವೆನಿಸುತ್ತದೆ. ಕರ್ಮವನ್ನು ಮಾಡು, ಫಲವನ್ನು ಬಯಸಬೇಡ ಎಂಬುದು ಅಲ್ಲಿನ ಉಪದೇಶ. ಅಭಿಮಾನಿಗೆ ಕರ್ಮವೇ ಇಲ್ಲ, ಫಲಾಪೇಕ್ಷೆ ಮಾತ್ರ ಉಂಟು. ನಿಷ್ಕಾಮಕರ್ಮಕ್ಕೆ ನೇರ ವಿರುದ್ಧವಾದ ನಿಷ್ಕರ್ಮಕಾಮ ಎನ್ನಬಹುದು. ಹಾಗೆಂದು ಅವನನ್ನು ತಳ್ಳಿಹಾಕಿಬಿಡುವುದು ಸುಲಭ. ನಮ್ಮ ಕಡೆಯ ಯಕ್ಷಗಾನದ ಪ್ರೇಕ್ಷಕನನ್ನು ಕಂಡವರಿಗೆ ಮಾತ್ರ ಅಷ್ಟು ಸುಲಭವಾಗದು. ಅಭಿಮನ್ಯು ಕಾಳಗದ ಪ್ರಸಂಗದಲ್ಲಿ ಹುಡುಗ ಹಿಂದಿರುಗುವುದಿಲ್ಲವೆಂಬುದು ರಂಗಸ್ಥಳದ ಸುತ್ತ ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಅವನು ಚಕ್ರವ್ಯೂಹಕ್ಕೆ ಹೊಕ್ಕಾಗ ನಿದ್ದೆಯಿಂದ ತೂಗುತ್ತಿದ್ದ ಅಜ್ಜನೂ ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಅವನು ಅಲ್ಲಿ ಕಾಯುತ್ತಿರುವುದು ಫಲಿತಾಂಶಕ್ಕಲ್ಲ. ಮತ್ತೆ ಯಾವುದಕ್ಕೆ?

ಇನ್ನೊಂದು ಸಂಗತಿ ಅಳಿಯನಿಂದ ತಿಳಿದು ನಮಗೆ ಕಸಿವಿಸಿಯಾಯಿತು. ಈ ಪಂದ್ಯ ಆಡಲು ಬಂದುದಕ್ಕೆ ಮಿಷಿಗನ್ ಅಪಲಾಚಿಯನ್ನಿಗೆ 4 ಲಕ್ಷ ಡಾಲರ್ ಕೊಡುವುದೆಂದು ಒಪ್ಪಂದವಾಗಿತ್ತು. ಅಲ್ಲಿ ಅದು ರೂಢಿ. ದೊಡ್ಡವರಿಗೆ ತಮ್ಮ ಅಂಗಣದಲ್ಲಿ ಒಂದು ಸುಲಭ ಗೆಲುವೂ ತುಂಬಿದ ಪ್ರೇಕ್ಷಕಾಗಾರದ ಆದಾಯವೂ ಬೇಕು. ಸಣ್ಣವರಿಗೆ ವರ್ಷದ ಕ್ರೀಡಾವೆಚ್ಚ ಸರಿದೂಗಿಸಬೇಕು. ಅಂದರೆ ಇದು ಸೋಲಲು ಪಡೆಯುವ ಕೂಲಿಯೇ? ನಾವು ಬಹಳ ಯೋಚಿಸಿದ ಮೇಲೆ ಅಲ್ಲವೆಂದು ತೋರಿತು. ಹಣ ಕೊಟ್ಟವನು ಬರುವುದನ್ನು ಕೊಂಡಿದ್ದಾನೆ, ಸೋಲುವುದನ್ನಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ನೆರೆಯವರ ‘ಒಂದು ವೇಳೆ’ಗೆ ಜಾಗವಿತ್ತು.

ಪಂದ್ಯ ಬಿತ್ತರಿಸುತ್ತಿದ್ದುದು ಎರಡು ದಿನಗಳ ಹಿಂದಷ್ಟೇ ಆರಂಭವಾದ ವಾಹಿನಿ. ಮಗಳ ಮನೆಯಲ್ಲಿ ಅದು ಬರುತ್ತಿರಲಿಲ್ಲ. ಅಳಿಯ ರೇಡಿಯೋ ಹಚ್ಚಿದ. ಮುಂದಿನದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಅರ್ಧ ಆಟಕ್ಕೆ ಅಪಲಾಚಿಯನ್ 28, ಮಿಷಿಗನ್ 17. ಆಮೇಲೆ ದೊಡ್ಡವರು ಎಚ್ಚೆತ್ತು ಒಂದು ಅಂಕ ಮುಂದಾದರು. 26 ಸೆಕೆಂಡು ಉಳಿದಿರುವಾಗ ಅಪಲಾಚಿಯನ್ ಚೆಂಡನ್ನು ಕಂಬಗಳ ನಡುವೆ ಒದ್ದು 34-32 ಮಾಡಿತು. ಕಟ್ಟಕಡೆಯ ಗಳಿಗೆಯಲ್ಲಿ ಮಿಷಿಗನ್ನಿನವರು ಒದ್ದ ಚೆಂಡನ್ನು ಕೋರಿ ಲಿಂಚ್ ಎಂಬ ಹುಡುಗ ಹಾರಿ ತಡೆದ. 1,09,000ಕ್ಕೂ ಮೀರಿದ ಜನಸ್ತೋಮದ ಎದುರು ಸಣ್ಣವರು ಗೆದ್ದರು. ಆ ಸಂಜೆ ಬೂನ್ ಪಟ್ಟಣದಲ್ಲಿ ವಿದ್ಯಾರ್ಥಿಗಳು ತಮ್ಮದೇ ಮೈದಾನದ ಗೋಲುಕಂಬವನ್ನು ಕಿತ್ತು ಕುಲಪತಿಗಳ ಮನೆಗೆ ಹೊತ್ತೊಯ್ದರಂತೆ.

ಆದರೆ ಇಲ್ಲಿ ಎಚ್ಚರವಾಗಿರಬೇಕು. ಗೆದ್ದರು, ಆದ್ದರಿಂದ ಹಾರೈಸಿದ್ದು ಸರಿ ಎಂದರೆ ನಮ್ಮ ಪ್ರಶ್ನೆ ಹಾರಿಹೋಗುತ್ತದೆ. 2014ರಲ್ಲಿ ಅದೇ ಎರಡು ತಂಡಗಳು ಅದೇ ಅಂಗಣದಲ್ಲಿ ಮತ್ತೆ ಆಡಿದವು. ಅಷ್ಟು ಹೊತ್ತಿಗೆ ಅಪಲಾಚಿಯನ್ ಮೇಲಿನ ವಿಭಾಗಕ್ಕೆ ಏರಿತ್ತು. ಫಲಿತಾಂಶ 52-14, ಮಿಷಿಗನ್ನಿಗೆ ಜಯ. ಆ ಸಲವೂ ಬಾವುಟ ಸಿಕ್ಕಿಸಿಕೊಂಡು ಬಹಳ ಕಾರುಗಳು ಹೋಗಿರಬೇಕು. ಅವರ ಹಾರೈಕೆ ಹಾಗಾದರೆ ತಪ್ಪಾಯಿತೇ? ಶುಕ್ರವಾರದ ಹಾರೈಕೆಯ ಯೋಗ್ಯತೆಯನ್ನು ಶನಿವಾರದ ಅಂಕಪಟ್ಟಿ ಅಳೆಯಲಾರದು. ಈ ಮಾತನ್ನು ನಾವು ಅಮೆರಿಕದಲ್ಲಿ ಕಲಿಯಬೇಕಾಗಿರಲಿಲ್ಲ. ಅದಕ್ಕೂ ಮೂವತ್ತು ವರ್ಷ ಮುಂಚೆ ನಮ್ಮ ಕೈಯಲ್ಲೇ ಒಂದು ತಪ್ಪು ನಡೆದಿತ್ತು.

ಕಾಸರಗೋಡು ಆಗ ಜಿಲ್ಲೆಯಾಗಿರಲಿಲ್ಲ, ಅದಾದುದು 1984ರಲ್ಲಿ. ಶಾಲಾ ಕ್ರೀಡಾಕೂಟದ ಜಿಲ್ಲಾ ಮಟ್ಟದ ಪಂದ್ಯಗಳಿಗೆ ಕಣ್ಣಾನೂರಿಗೇ ಹೋಗಬೇಕು. ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕನ್ನಡ ಮಾಧ್ಯಮ ಶಾಲೆಯ ಹುಡುಗರು ಆ ವರ್ಷ ಹೇಗೋ ಕಾಲ್ಚೆಂಡಿನಲ್ಲಿ ಅಲ್ಲಿಯ ತನಕ ಮುಟ್ಟಿದ್ದರು. ಹನ್ನೊಂದು ಮಂದಿಯಲ್ಲಿ ನಾಲ್ವರಿಗೆ ಬೂಟಿಲ್ಲ. ಎದುರಾಳಿಗಳು ಕಣ್ಣಾನೂರಿನ ಪೇಟೆಯ ಶಾಲೆಯವರು, ಅವರಿಗೆ ಪ್ರತ್ಯೇಕ ತರಬೇತುದಾರ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹುಡುಗರು ನೀಲೇಶ್ವರ ದಾಟುವಾಗಲೇ ಗೆದ್ದ ಮೇಲೆ ಮೆರವಣಿಗೆ ಎಲ್ಲಿಂದ ಹೊರಡಬೇಕೆಂದು ಜಗಳಾಡುತ್ತಿದ್ದರು. ಪಯ್ಯನ್ನೂರು ದಾಟಿದ ಮೇಲೆ ನಾವು ಅವರನ್ನು ಹತ್ತಿರ ಕರೆದು, ಹಿತೋಪದೇಶದ ಧ್ವನಿಯಲ್ಲಿ, “ನೋಡಿ ಮಕ್ಕಳೇ, ಅವರು ಬಲಿಷ್ಠರು. ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ. ಅನುಭವವಾಗಲಿ ಎಂದು ಆಡಿ, ಸೋತರೆ ಬೇಸರವಿಲ್ಲ” ಎಂದೆವು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಲು ಕಾಯುವ ಹುಡುಗ, ಬೀಡಿ ಕಟ್ಟುವ ತಾಯಿಯ ಮಗ, ಕಿಟಕಿಯಿಂದ ಮುಖ ತಿರುಗಿಸಿ ಕೇಳಿದ: “ಹಾಗಾದ್ರೆ ನಾವು ಹೋಗುದು ಯಾಕೆ ಮಾಷ್ಟ್ರೇ?”

ವಳಪಟ್ಟಣ ಹೊಳೆಯ ಸೇತುವೆ ಬಂದಿತು. ಆ ಸದ್ದಿನಲ್ಲಿ ಉತ್ತರ ಕೊಡದೆ ಉಳಿದುಕೊಂಡೆವು. ಮಧ್ಯಾಹ್ನ ಅವರು ಐದು ಗೋಲುಗಳಿಂದ ಸೋತರು. ‘ಅವರು ಸೋತರು’ ಎಂದೇ ನಾವು ಆ ದಿನ ಮುಖ್ಯೋಪಾಧ್ಯಾಯರಿಗೆ ವರದಿ ಒಪ್ಪಿಸಿದ್ದು. ನಮ್ಮ ಮಾತು ಸುಳ್ಳಾಗಿರಲಿಲ್ಲ. ಹುಡುಗರನ್ನು ನಿರಾಶೆಯಿಂದ ಕಾಪಾಡಿದೆವೆಂದು ಬಹುಕಾಲ ಸಮಾಧಾನಪಟ್ಟುಕೊಂಡಿದ್ದೆವು. ಷಾರ್ಲಟಿನ ಬೇಲಿಯ ಬಳಿ ಆ ಗೃಹಸ್ಥರು ‘ಹುಡುಗರು ಹೋಗುತ್ತಿದ್ದಾರಲ್ಲ’ ಎಂದದ್ದನ್ನು ರಾತ್ರಿ ನಿದ್ದೆ ಬಾರದೆ ಮೆಲುಕು ಹಾಕಿದಾಗ ತಿಳಿಯಿತು, ನಾವು ಕಾಪಾಡಿಕೊಂಡದ್ದು ನಮ್ಮನ್ನು. ಆಸೆಪಟ್ಟು ಸೋತರೆ ಆಗುವ ನಾಚಿಕೆಯಲ್ಲಿ ಪಾಲು ಬೇಡವೆಂದು ನಾವು ಮುಂಚಿತವಾಗಿಯೇ ರೈಲಿನಿಂದ ಇಳಿದುಬಿಟ್ಟಿದ್ದೆವು. ಆ ಹುಡುಗ ಕೇಳಿದ್ದು ಗೆಲುವಿನ ಸಾಧ್ಯತೆ ಎಷ್ಟೆಂಬುದನ್ನಲ್ಲ. ನೀವು ನಮ್ಮ ಸಂಗಡ ಇದ್ದೀರೋ ಇಲ್ಲವೋ ಎಂಬುದನ್ನು.

ಹಾಗೆಂದು ಎಲ್ಲ ಹಾರೈಕೆಯನ್ನೂ ನಿರ್ದೋಷವೆನ್ನಲು ನಮ್ಮ ಮನಸ್ಸು ಒಪ್ಪದು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಸೀಮೆ ಮೈಸೂರಿಗೆ ಸೇರಬೇಕೆಂದು ಹೇಳಿದಾಗ ನಮ್ಮ ಹಿರಿಯರ ಮುಖ ಅರಳಿದ್ದನ್ನು ಕಣ್ಣಾರೆ ಕಂಡವರು ನಾವು. ಅವರ ಆಸೆಯನ್ನು ಗೇಲಿ ಮಾಡುವವರನ್ನು ಕಂಡರೆ ಇಂದಿಗೂ ಸಿಟ್ಟು ಬರುತ್ತದೆ. ಆದರೆ ‘ಇನ್ನೇನು ಸೇರುತ್ತೇವಲ್ಲ, ಮಲಯಾಳ ಕಲಿತು ಆಗಬೇಕಾದ್ದೇನು’ ಎಂದು ಮಕ್ಕಳನ್ನು ತಡೆದ ಮನೆಗಳೂ ಇದ್ದವು. ಆ ಮಕ್ಕಳು ಬೆಳೆದು ಕಚೇರಿಯ ಒಂದು ಅರ್ಜಿ ತುಂಬಲು ಇನ್ನೊಬ್ಬರ ಬಾಗಿಲಲ್ಲಿ ನಿಂತರು. ಹಾರೈಸಿದವರು ಒಬ್ಬರು, ಬೆಲೆ ತೆತ್ತವರು ಮತ್ತೊಬ್ಬರು. ನೆರೆಯ ಗೃಹಸ್ಥರು ತಮ್ಮದೇ ಪೆಟ್ರೋಲು ಸುಟ್ಟು, ತಮ್ಮದೇ ರಜೆ ಕಳೆದು ಹೋದವರು. ಸೋತಿದ್ದರೆ ಮರಳುವ ಹಾದಿಯ ಅಷ್ಟುದ್ದವೂ ಅವರದೇ ಆಗುತ್ತಿತ್ತು. ಅವರ ‘ನಾವು’ ಎಂಬ ಮಾತಿಗೆ ಅಧಿಕಾರ ಅಲ್ಲಿಂದ ಬಂದಿತ್ತೆಂದು ನಮಗೆ ತೋರುತ್ತದೆ. ಇದನ್ನು ಒಪ್ಪದವರು ಸಂಘದಲ್ಲಿ ಇದ್ದಾರೆ. ಅವರೊಡನೆ ವಾದ ಇನ್ನೂ ಮುಗಿದಿಲ್ಲ.

ಮರುವರ್ಷವೂ ಆ ಹುಡುಗರು ಕಣ್ಣಾನೂರಿಗೆ ಹೊರಟರು. ಬೇರೊಬ್ಬ ಅಧ್ಯಾಪಕರು ಹೋಗುವುದಿತ್ತು. ಅವರಿಗೆ ಜ್ವರ ಬಂದು ಮತ್ತೆ ನಮ್ಮ ಪಾಲಿಗೇ ಬಂದಿತು. ಈ ಸಲ ನಾವು ಉಪದೇಶ ಮಾಡಲಿಲ್ಲ. ಅದು ವಿವೇಕದಿಂದಲ್ಲ, ಆ ಗೋಲು ಕಾಯುವ ಹುಡುಗ ಮತ್ತೆ ಏನು ಕೇಳುವನೋ ಎಂಬ ಅಳುಕಿನಿಂದ. ಮೆರವಣಿಗೆ ನಿಲ್ದಾಣದಿಂದಲೋ ಶಾಲೆಯ ಗೇಟಿನಿಂದಲೋ ಎಂದು ಅವರು ಕೇಳಿದಾಗ ನಿಲ್ದಾಣದಿಂದಲೇ ಆಗಲಿ ಎಂದೆವು. ನಾಲ್ಕು-ಒಂದರಲ್ಲಿ ಸೋತೆವು. ರಾತ್ರಿಯ ರೈಲಿನಲ್ಲಿ ಬಾಳೆಹಣ್ಣೂ ಬನ್ನೂ ತಿನ್ನುತ್ತ ಹುಡುಗರು ಆ ಒಂದು ಗೋಲು ಹೇಗೆ ಬಿತ್ತೆಂಬುದನ್ನು ಕಾಂಞಂಗಾಡಿನವರೆಗೂ ಹೇಳಿದರು. ಚೆಂಡು ಎಡಗಾಲಿನದೋ ಬಲಗಾಲಿನದೋ ಎಂಬ ಚರ್ಚೆಯಲ್ಲಿ ನಾವೂ ಎಡಗಾಲಿನ ಪಕ್ಷ ವಹಿಸಿದೆವು.