ಎರಡು ಪದವಿಯ ಓದಿಗೆ ಹೊರಡುವ ಮುನ್ನ

ಮಗಳು ಎಂಜಿನಿಯರಿಂಗ್ ಓದುತ್ತೇನೆ ಎಂದರೆ ಮನೆಯಲ್ಲಿ ಯಾರೂ ವಿವರ ಕೇಳುವುದಿಲ್ಲ. ‘ಪಬ್ಲಿಕ್ ಪಾಲಿಸಿಯಲ್ಲಿ ಎಂ.ಎ. ಮಾಡ್ತೀನಪ್ಪ, ಎರಡು ವರ್ಷ, ಎರಡು ದೇಶ, ಎರಡು ಪದವಿ’ ಎಂದರೆ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ. ಓದಿ ಏನಾಗ್ತೀಯ? ಎರಡು ಪದವಿ ಯಾಕೆ ಬೇಕು? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡುಸ್ ಯೋಜನೆಯಲ್ಲಿ ಇಂಥದೊಂದು ಕೋರ್ಸ್ ಇದೆ. ಹೆಸರು ಮುಂಡುಸ್ ಮ್ಯಾಪ್. ಮೊದಲ ವರ್ಷ ನೆದರ್ಲೆಂಡ್ಸ್‌ನ ಹೇಗ್ ಅಥವಾ ಆಸ್ಟ್ರಿಯಾದ ವಿಯೆನ್ನಾ. ಎರಡನೆಯ ವರ್ಷ ಇಂಗ್ಲೆಂಡಿನ ಯಾರ್ಕ್ ಅಥವಾ ಸ್ಪೇನಿನ ಬಾರ್ಸಿಲೋನಾ. ಒಟ್ಟು 120 ಕ್ರೆಡಿಟ್. ಓದಿದ ಎರಡೂ ಸಂಸ್ಥೆಗಳಿಂದ ಒಂದೊಂದು ಪದವಿ. ಎರಾಸ್ಮಸ್ ವಿದ್ಯಾರ್ಥಿವೇತನ ದಕ್ಕಿದರೆ ಶುಲ್ಕದ ಚಿಂತೆಯಿಲ್ಲ, ಊಟ ವಸತಿಗೆ ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ಲಂಡನ್ನಿನ ಎಲ್‌ಎಸ್‌ಇ, ಪ್ಯಾರಿಸ್ಸಿನ ಸಿಯಾನ್ಸ್ ಪೊ, ನ್ಯೂಯಾರ್ಕಿನ ಕೊಲಂಬಿಯಾದಂಥ ಕಡೆಯೂ ಜೋಡಿ ಪದವಿಗಳುಂಟು. ಅಲ್ಲಿ ಶುಲ್ಕ ವಿಪರೀತ. ಹೊಲ ಅಡವಿಟ್ಟು ಹೋಗುವ ಓದು ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸಾಲ ತೀರಿಸುವಷ್ಟು ಸಂಬಳದ ಖಾತ್ರಿ ಈ ದಾರಿಯಲ್ಲಿಲ್ಲ.

ಹಾಗಿದ್ದರೂ ಹೋಗಬಹುದಾದವರು ಹೋಗಬೇಕು ಎಂಬುದೇ ನನ್ನ ಅಭಿಪ್ರಾಯ. ಒಂದೇ ನಾಡಿನಲ್ಲಿ ಬೆಳೆದವರಿಗೆ ಅಲ್ಲಿನ ವ್ಯವಸ್ಥೆ ಮಳೆ ಬಿಸಿಲಿನಷ್ಟೇ ಸಹಜವಾಗಿ ಕಾಣುತ್ತದೆ. ಮನೆ ಬಾಡಿಗೆ ಏರುವುದು, ಮಳೆಗಾಲದಲ್ಲಿ ತಗ್ಗಿನ ಬಡಾವಣೆಗೆ ನೀರು ನುಗ್ಗುವುದು ಎಲ್ಲವೂ ಹಣೆಬರಹ. ಬೇರೊಂದು ನಾಡಿನಲ್ಲಿ ಅದೇ ಸಮಸ್ಯೆಯನ್ನು ಬೇರೆ ರೀತಿ ಬಗೆಹರಿಸಿದ್ದನ್ನು ಕಂಡಾಗ, ಯಾರೋ ಕೂತು ತೀರ್ಮಾನಿಸಿದ್ದರಿಂದ ಹೀಗಾಗಿದೆ, ತೀರ್ಮಾನ ಬದಲಾದರೆ ಇದೂ ಬದಲಾಗುತ್ತದೆ ಎಂಬುದು ಮನಸ್ಸಿಗೆ ನಾಟುತ್ತದೆ.

ವಿಯೆನ್ನಾದ ಹೈಲಿಗೆನ್‌ಸ್ಟಾಟ್ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗೂ ಉದ್ದದ ವಸತಿ ಸಮುಚ್ಚಯ. 1930ರಲ್ಲಿ ಉದ್ಘಾಟನೆಯಾದಾಗ ಅದರಲ್ಲಿ 1,382 ಮನೆಗಳಿದ್ದವು, ಜೊತೆಗೆ ಬಟ್ಟೆ ಒಗೆಯುವ ಸಾಮೂಹಿಕ ಕೋಣೆಗಳು, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ. ದುಡ್ಡು ಬಂದದ್ದು 1923ರಲ್ಲಿ ನಗರಾಡಳಿತದ ಹಣಕಾಸು ಹೊತ್ತಿದ್ದ ಹ್ಯೂಗೊ ಬ್ರೈಟ್ನರ್ ಹಾಕಿದ ವಸತಿ ತೆರಿಗೆಯಿಂದ. ದೊಡ್ಡ ಬಂಗಲೆಗಳಿಗೆ ಭಾರಿ ತೆರಿಗೆ, ಕಾರ್ಮಿಕರ ಚಿಕ್ಕ ಮನೆಗಳಿಗೆ ತೀರ ಅಲ್ಪ. ಆ ಕಾಲದ ಇಂಥ ಕಟ್ಟಡಗಳ ಗೋಡೆಯ ಮೇಲೆ, ಬೀದಿಯಲ್ಲಿ ನಡೆದುಹೋಗುವವರಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಇದನ್ನು ನಗರಸಭೆ ವಸತಿ ತೆರಿಗೆಯ ಹಣದಲ್ಲಿ ಇಂಥ ವರ್ಷಗಳಲ್ಲಿ ಕಟ್ಟಿಸಿತು ಎಂದು ಇಂದಿಗೂ ಬರೆದಿದೆ. ನಮ್ಮಲ್ಲಿ ಬಸ್ ತಂಗುದಾಣದ ಮೇಲೆ ಶಾಸಕರ ಹೆಸರು ಇರುತ್ತದೆ. ಅಲ್ಲಿ ತೆರಿಗೆಯ ಹೆಸರು. ಹಣಕಾಸು ನೀತಿಯ ಎಷ್ಟೋ ಪಾಠ ಆ ಗೋಡೆಯೊಂದರಲ್ಲೇ ಇದೆ.

ಹೇಗ್‌ನಲ್ಲಿ ಸ್ವಂತ ಬಾಗಿಲಿರುವ ಪುಟ್ಟ ಮನೆ ಬಾಡಿಗೆಗೆ ಹಿಡಿದ ವಿದ್ಯಾರ್ಥಿಗೂ ನೀರು ಮಂಡಳಿಯಿಂದ ತೆರಿಗೆ ಬಿಲ್ಲು ಬರುತ್ತದೆ. ಒಬ್ಬರೇ ಇದ್ದರೆ ಕೊಳಚೆ ನೀರು ಶುದ್ಧೀಕರಣಕ್ಕೆ ಒಂದು ಪಾಲು, ಇಬ್ಬರೋ ಹೆಚ್ಚೋ ಇದ್ದರೆ ಮೂರು ಪಾಲು. ಬಿಲ್ಲು ಕಳಿಸುವ ಡೆಲ್ಫ್‌ಲಂಡ್ ಮಂಡಳಿಯ ಮೂಲ 13ನೆಯ ಶತಮಾನದ್ದು. ಈಗಿನ ಡಚ್ ರಾಜ್ಯಕ್ಕಿಂತ ಹಳೆಯದು. ದೇಶದಲ್ಲಿ ಇಂಥ 21 ಮಂಡಳಿಗಳಿವೆ. ಏರಿ, ಕಾಲುವೆ, ಪಂಪು, ನೀರಿನ ಮಟ್ಟ ಎಲ್ಲ ಅವುಗಳ ಜವಾಬ್ದಾರಿ. ಅವುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಪ್ರತ್ಯೇಕ ಚುನಾವಣೆ. ವಾಸದ ಪರವಾನಗಿ ಇರುವ ಪರದೇಶದವರೂ ಮತ ಹಾಕಬಹುದು! 2023ರ ಮಾರ್ಚ್‌ನಲ್ಲಿ ಆ ಚುನಾವಣೆ ನಡೆದಾಗ ಅಲ್ಲಿದ್ದ ಹುಬ್ಬಳ್ಳಿಯ ಹುಡುಗಿಗೂ ಆ ಹಕ್ಕಿತ್ತು. ತೆರಿಗೆ ಕಟ್ಟುವವರು ಮತ ಹಾಕಲಿ ಎಂಬ ಸರಳ ನ್ಯಾಯ ಆ ಬಿಲ್ಲಿನ ಹಿಂದಿದೆ.

ಇನ್ನು ಈ ಕೋರ್ಸಿನ ವಿಯೆನ್ನಾ ವರ್ಷ ನಡೆಯುವ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿಯದೇ ಒಂದು ಕಥೆ. ಅದು ಬುಡಾಪೆಸ್ಟ್‌ನಲ್ಲಿತ್ತು, ಮಾನ್ಯತೆ ಅಮೆರಿಕದ್ದು. 2017ರಲ್ಲಿ ಹಂಗೇರಿ ಸರ್ಕಾರ ಕಾಯ್ದೆ ತಿದ್ದಿ, ಇಂಥ ಸಂಸ್ಥೆ ಮೂಲ ದೇಶದಲ್ಲೂ ಪಾಠ ನಡೆಸುತ್ತಿರಬೇಕು, ಎರಡು ದೇಶಗಳ ನಡುವೆ ಒಪ್ಪಂದವೂ ಆಗಿರಬೇಕು ಎಂದಿತು. 2019ರಲ್ಲಿ ತರಗತಿಗಳು ವಿಯೆನ್ನಾಕ್ಕೆ ಹೊರಟವು. 2020ರ ಅಕ್ಟೋಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಆ ಷರತ್ತುಗಳು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತಿತು. ಅಷ್ಟರಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಕಾಯ್ದೆಯ ಒಂದೆರಡು ಸಾಲು ಎಷ್ಟು ಜನರ ಬದುಕನ್ನು ಗಡಿ ದಾಟಿಸಬಲ್ಲದು ಎಂಬುದನ್ನು ಅಲ್ಲಿ ನೀತಿ ಓದುತ್ತಿದ್ದವರು ಕಣ್ಣಾರೆ ಕಂಡರು.

ಈ ಓದಿನ ಕೊರತೆಯನ್ನೂ ಹೇಳಬೇಕು. ಪಾಠ ಇಂಗ್ಲಿಷಿನಲ್ಲಿ; ಊರಿನ ಆಡಳಿತ ಡಚ್, ಜರ್ಮನ್, ಕಟಲಾನ್ ಭಾಷೆಗಳಲ್ಲಿ. ವರ್ಷಕ್ಕೊಂದು ದೇಶ ಬದಲಿಸುವವರು ಅಲ್ಲಿನ ಭಾಷೆಯನ್ನು ಅಷ್ಟಿಷ್ಟಾದರೂ ಕಲಿಯದಿದ್ದರೆ ಬಿಲ್ಲಿನಲ್ಲಿ ಏನಿದೆ ಎಂಬುದಕ್ಕೂ ಇನ್ನೊಬ್ಬರನ್ನು ಕೇಳಬೇಕು. ನಮ್ಮವರು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಓದಿ ಹೋದವರಾದರೆ ಈ ಕೊರತೆ ಎರಡು ಪಟ್ಟು, ಸ್ವಂತ ನಾಡಿನ ಆಡಳಿತವೂ ಅವರಿಗೆ ದೂರ. ತರಗತಿಯಲ್ಲಿ ಹತ್ತಾರು ದೇಶದವರು ಕೂತಿರುತ್ತಾರೆ. ಬ್ರೆಜಿಲ್‌ನವರು ಬಡ ಕುಟುಂಬಗಳಿಗೆ ನಗದು ನೆರವು ಕೊಡುವ ತಮ್ಮ ಬೋಲ್ಸಾ ಫಮೀಲಿಯಾ ಯೋಜನೆ ಹೇಗೆ ನಡೆಯಿತೆಂದು ವಿವರಿಸುತ್ತಾರೆ. ಆಗ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಿದರೆ, ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1983ರ ಕಾಯ್ದೆಯ ಮೂಲಕ ಹೆಣ್ಣುಮಕ್ಕಳಿಗೆ ಪಂಚಾಯಿತಿಯಲ್ಲಿ ಶೇಕಡ 25 ಸ್ಥಾನ ಮೀಸಲಾದದ್ದನ್ನೂ, ಸಂವಿಧಾನದ 73ನೆಯ ತಿದ್ದುಪಡಿಗೆ ಮೊದಲೇ 1987ರಲ್ಲಿ ಆ ಚುನಾವಣೆ ನಡೆದದ್ದನ್ನೂ ನಮ್ಮ ವಿದ್ಯಾರ್ಥಿ ಹೇಳಬೇಕಲ್ಲವೆ?

ಅದಕ್ಕಿಂತ ಹತ್ತಿರದ್ದು ಮನೆಯ ಟ್ರಂಕಿನಲ್ಲೇ ಇರಬಹುದು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ಅರ್ಜಿ ನಮೂನೆ 7. ಹಳ್ಳಿಯ ಮಾತಿನಲ್ಲಿ ‘ಡಿಕ್ಲರೇಷನ್’. ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಗೆ ಉಳುತ್ತಿದ್ದವನೂ ಧಣಿಯೂ ಎದುರುಬದುರು ನಿಂತು ತಮ್ಮ ಬಾಯಲ್ಲೇ ಹೇಳಿಕೆ ಕೊಡಬೇಕಿತ್ತು. ಆದೇಶದ ಪ್ರತಿ ಮಡಿಕೆ ಮಡಿಕೆಯಲ್ಲಿ ಹರಿದಿರುತ್ತದೆ, ಸರ್ವೆ ನಂಬರಿನ ಮೇಲೆ ಶಾಯಿ ಹರಡಿರುತ್ತದೆ. ಅಜ್ಜನ ಹೆಬ್ಬೆಟ್ಟು ಮಾತ್ರ ಸ್ಪಷ್ಟ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಆ ಕಾಗದದ ಬಲದಿಂದ.

ಪ್ರಬಂಧಕ್ಕೆ ವಿಷಯ ಹುಡುಕುವವರು ಹೊರಡುವ ಮುನ್ನ ಒಮ್ಮೆ ಊರಿಗೆ ಹೋಗಿ ಬರಲಿ. ಭೂ ನ್ಯಾಯಮಂಡಳಿಯ ಮುಂದೆ ಸ್ವತಃ ನಿಂತು ಮಾತಾಡಿದವರು ಈಗ ಎಂಬತ್ತು ದಾಟಿದ್ದಾರೆ. ಅವರ ಹೇಳಿಕೆಗಳು ಕೈಬರಹದ ಕನ್ನಡದಲ್ಲಿವೆ, ಹೇಗ್‌ನ ಯಾವ ಪ್ರೊಫೆಸರೂ ಅವನ್ನು ಓದಿ ಕೊಡಲಾರರು. ಅಜ್ಜನನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಕೆಲಸ ಈ ವರ್ಷವೇ ಆಗಬೇಕು.