ಯಾರ ಪಾಪ ಎಂಬ ಪ್ರಶ್ನೆ

ಕೂಸಿನ ತಲೆ ವಾರದಿಂದ ವಾರಕ್ಕೆ ಅಳತೆ ಮೀರಿ ಬೆಳೆಯುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆಗಳು ಕೆಳಮುಖವಾಗುತ್ತವೆ. ಹೈಡ್ರೋಕೆಫಲಸ್ ಎಂಬ ಈ ಕಾಯಿಲೆ ಕಂಡಾಗ ‘ಯಾವ ಜನ್ಮದ ಪಾಪವೋ’ ಎಂಬ ಮಾತು ಹುಟ್ಟುವುದುಂಟು. ಅದರ ಭಾರ ಬೀಳುವುದು ಹೆಚ್ಚಾಗಿ ತಾಯಿಯ ಮೇಲೆ. ಕರ್ಮದಲ್ಲಿ ನಂಬಿಕೆಯಿಟ್ಟವರಿಗೂ ಈ ಮಾತಾಡುವ ಅಧಿಕಾರವಿಲ್ಲ ಎಂಬುದು ನನ್ನ ವಾದ.

ಮೊದಲು ದೇಹದೊಳಗೆ ನಡೆಯುವುದನ್ನು ನೋಡೋಣ. ವಯಸ್ಕರ ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಉತ್ಪತ್ತಿಯಾಗುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಉಳಿದದ್ದು ಹರಿದುಹೋಗಿ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಈ ದ್ರವ ಮಿದುಳಿನ ಮೂರನೆಯ ಕೋಣೆಯಿಂದ ನಾಲ್ಕನೆಯದಕ್ಕೆ ಹರಿಯುವ ನಾಳ ತೀರಾ ಕಿರಿದು. ಅದು ಹುಟ್ಟಿನಿಂದಲೇ ಕುಗ್ಗಿರಬಹುದು, ಗೆಡ್ಡೆ ಅದನ್ನು ಒತ್ತಬಹುದು, ಸೋಂಕು ಅಥವಾ ರಕ್ತಸ್ರಾವ ಅದನ್ನು ಮುಚ್ಚಬಹುದು. ದ್ರವದ ಉತ್ಪತ್ತಿ ಮಾತ್ರ ನಿಲ್ಲುವುದಿಲ್ಲ. ಕೋಣೆಗಳು ಹಿಗ್ಗಿ ಮಿದುಳನ್ನು ಒತ್ತುತ್ತವೆ. 1950ರ ದಶಕದಲ್ಲಿ ಅಮೆರಿಕದ ಜಾನ್ ಹೋಲ್ಟರ್ ಎಂಬ ತಂತ್ರಜ್ಞ ತನ್ನ ಮಗನಿಗಾಗಿ ಸಿಲಿಕೋನ್ ಕವಾಟವೊಂದನ್ನು ರೂಪಿಸಿದ. ಹೆಚ್ಚಿನ ದ್ರವವನ್ನು ಮಿದುಳಿನಿಂದ ಹೊರಸಾಗಿಸುವ, ಅಂಥ ಕವಾಟವಿರುವ ಶಂಟ್ ಕೊಳವೆಗಳು ಬಳಕೆಗೆ ಬಂದ ಮೇಲೆ ಎಷ್ಟೋ ಮಕ್ಕಳು ಬದುಕಿ ಬೆಳೆದರು. ಹಾಗಾದರೆ ಅವರ ಪೂರ್ವಪಾಪ ಒಂದು ಕವಾಟಕ್ಕೆ ಕರಗಿಹೋಯಿತೇ?

ಚಿಕಿತ್ಸೆ ಸಿಕ್ಕಿದ್ದೂ ಕರ್ಮವೇ ಎಂದು ಕೆಲವರು ಹೇಳಬಹುದು. ಸತ್ತರೂ ಕರ್ಮ, ಬದುಕಿದರೂ ಕರ್ಮ ಎನ್ನುವ ವಿವರಣೆ ಏನನ್ನೂ ವಿವರಿಸುವುದಿಲ್ಲ. ಮುಂದೇನು ಮಾಡಬೇಕೆಂದೂ ಹೇಳುವುದಿಲ್ಲ. ರೋಗಗಳಿಗೆ ಪೂರ್ವಪಾಪವನ್ನು ಜೋಡಿಸುವ ಕರ್ಮವಿಪಾಕ ಗ್ರಂಥಗಳು ನಮ್ಮಲ್ಲಿವೆ, ನಿಜ. ಆದರೆ ಪರಂಪರೆಯ ದನಿ ಅದೊಂದೇ ಅಲ್ಲ. ಆಯುಸ್ಸು ದೈವ ಮತ್ತು ಪುರುಷಕಾರ (ಮನುಷ್ಯಪ್ರಯತ್ನ) ಎರಡನ್ನೂ ಅವಲಂಬಿಸಿದೆ, ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಔಷಧಕ್ಕೆ ಅರ್ಥವಿಲ್ಲ ಎಂದು ಚರಕಸಂಹಿತೆಯ ವಿಮಾನಸ್ಥಾನ ವಾದಿಸುತ್ತದೆ. ಅನುಭವಿಸುವ ನೋವೆಲ್ಲ ಹಿಂದಿನ ಕರ್ಮದಿಂದಲೇ ಬರುತ್ತದೆಯೇ ಎಂದು ಸೀವಕ ಎಂಬವನು ಕೇಳಿದಾಗ ಬುದ್ಧ ಒಪ್ಪಲಿಲ್ಲ. ವಾತ, ಪಿತ್ತ, ಕಫ, ಋತುಬದಲಾವಣೆ, ಪೆಟ್ಟು ಮುಂತಾದ ಎಂಟು ಕಾರಣಗಳಲ್ಲಿ ಕರ್ಮವೂ ಒಂದು ಎಂದ. ಹುಟ್ಟುಕುರುಡನನ್ನು ತೋರಿಸಿ, ಪಾಪ ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸಿದ್ದನ್ನು ಯೋಹಾನನ ಸುವಾರ್ತೆ ದಾಖಲಿಸಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ನಾಳ ಕಟ್ಟಿಕೊಂಡದ್ದು ಹೇಗೆಂದು ವಿಜ್ಞಾನ ಹೇಳೀತು, ಈ ಮಗುವಿಗೇ ಏಕೆ ಎಂದು ಹೇಳದು. ಕರ್ಮವನ್ನು ಬಿಟ್ಟರೆ ಜಗತ್ತು ಅನ್ಯಾಯದ್ದಾಗಿ ಉಳಿಯುತ್ತದೆ ಎಂಬುದೇ ಆ ಆಕ್ಷೇಪ. ಉಳಿಯಲಿ. ನೆನಪೇ ಇಲ್ಲದ ತಪ್ಪಿಗೆ ಹಸುಗೂಸನ್ನು ದಂಡಿಸುವ ನ್ಯಾಯ ಅದಕ್ಕಿಂತ ಮೇಲೇನಲ್ಲ. ಮೇಲಾಗಿ, ‘ಹೇಗೆ’ ಎಂದು ಹುಡುಕಿದರೆ ಕೆಲವೊಮ್ಮೆ ತಡೆಯಲೂ ಆಗುತ್ತದೆ. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟುವ ಮಕ್ಕಳಲ್ಲಿ ಹೈಡ್ರೋಕೆಫಲಸ್ ಸಾಮಾನ್ಯ. ಹಿಂದೆ ಅಂಥ ಗರ್ಭ ಧರಿಸಿದ್ದ ಮಹಿಳೆಯರು ಫೋಲಿಕ್ ಆಮ್ಲ ಸೇವಿಸಿದರೆ ಆ ದೋಷ ಮರುಕಳಿಸುವ ಸಂಭವ 72 ಪ್ರತಿಶತ ಇಳಿಯುತ್ತದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಹಣೆಬರಹವೆಂದು ಕೈಚೆಲ್ಲಿದ್ದ ಕಡೆ ಒಂದು ಮಾತ್ರೆ ಕೆಲಸ ಮಾಡಿತು. ಕರ್ಮವನ್ನು ನಂಬುವವರು ಅದನ್ನು ತಮ್ಮ ನಡತೆಯನ್ನು ತಿದ್ದಿಕೊಳ್ಳಲು ಬಳಸಲಿ. ಕಾಯಿಲೆಯ ಕೂಸಿನ ಮುಂದೆ ಕೇಳಬೇಕಾದ ಧರ್ಮಪ್ರಶ್ನೆ ಒಂದೇ: ಇದನ್ನು ಎಷ್ಟು ಬೇಗ ಆಸ್ಪತ್ರೆಗೆ ಮುಟ್ಟಿಸಬಹುದು?