ಒಂದೇ ಗದ್ದಲ, ಎರಡು ಹೆಸರು

ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲದ ಮಾತು. ಒಂದೇ ತರಗತಿಯಲ್ಲಿ ಇಬ್ಬರು ಹುಡುಗರಿದ್ದರು. ಇಬ್ಬರೂ ಸುಮ್ಮನೆ ಕೂತವರಲ್ಲ. ಬೆಂಚು ಹತ್ತುವುದು, ಗೆಳೆಯರನ್ನು ನಗಿಸುವುದು, ಡೆಸ್ಕಿನ ಮೇಲೆ ಚೆಂಡೆಯ ಪೆಟ್ಟು ಬಾರಿಸುವುದು ಇಬ್ಬರಿಗೂ ಸಮಾನ. ಪ್ರೋಗ್ರೆಸ್ ಕಾರ್ಡಿನಲ್ಲಿ ಒಬ್ಬನ ಸ್ವಭಾವ ‘ಲೈವ್ಲಿ’ ಎಂದು ಬರೆದೆ. ಇನ್ನೊಬ್ಬನದು ‘ರೌಡಿ’ ಎಂದು. ಮೊದಲನೆಯವನು ಊರಿನ ದೊಡ್ಡ ಮನೆಯವನು. ಎರಡನೆಯವನ ತಂದೆ ಬೀಡಿ ಕಟ್ಟುತ್ತಿದ್ದವರು.

ಆ ತಂದೆ ಕಾರ್ಡು ಹಿಡಿದುಕೊಂಡು ಬಂದರು. “ಮಾಷ್ಟ್ರೇ, ಪೋಕ್ರಿ ಅಂತ ಮನೆಯಲ್ಲಿ ನಾವೂ ಬೈಯುತ್ತೇವೆ. ಆದರೆ ಇದು ಪೊಲೀಸರ ಶಬ್ದ ಅಲ್ಲವಾ?” ಎಂದರು. ಇಂಗ್ಲಿಷಿನಲ್ಲಿ ಅದಕ್ಕೆ ಬರೀ ಗಲಾಟೆ ಮಾಡುವವನು ಎಂದೂ ಅರ್ಥವಿದೆ ಎಂದು ಸಮಜಾಯಿಷಿ ಹೇಳಿ ಕಳುಹಿಸಿದೆ. ನಿಘಂಟಿನ ಮಟ್ಟಿಗೆ ನಾನು ಹೇಳಿದ್ದು ಸರಿ. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಶಬ್ದ ನಮ್ಮ ನಾಡಿಗೆ ಬಂದು ಠಾಣೆಯ ಪಟ್ಟಿಯನ್ನು ಸೇರಿದೆ. ಈ ವಾರ್ಷಿಕದ ಕನ್ನಡ ಪುಟದಲ್ಲಾಗಲಿ ಮಲಯಾಳ ಪುಟದಲ್ಲಾಗಲಿ ‘ರೌಡಿ’ಗೆ ಅನುವಾದ ಬೇಕಿಲ್ಲ.

ಆಮೇಲೆ ಇಂಥ ಶಬ್ದಗಳ ಹುಟ್ಟನ್ನು ಹುಡುಕುತ್ತಾ ಹೋದಾಗ ನನ್ನ ತಪ್ಪು ಹಳೆಯದೇ ಎಂದು ತಿಳಿಯಿತು. ಕುಡಿದು, ಕುಣಿದು, ಸುಳ್ಳು ಹೇಳಿಯೂ ಎಲ್ಲರ ಪ್ರೀತಿ ಗಳಿಸುವ ಸ್ಥೂಲಕಾಯದ ಮನುಷ್ಯನನ್ನು ಇಂಗ್ಲಿಷಿನವರು ನಗುತ್ತಲೇ ‘ಫಾಲ್‌ಸ್ಟಾಫಿಯನ್’ ಎನ್ನುತ್ತಾರೆ. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಈ ಪಾತ್ರಕ್ಕೆ ಮೊದಲಿದ್ದ ಹೆಸರು ಓಲ್ಡ್‌ಕ್ಯಾಸಲ್. ಅದು ತನ್ನ ಮತವಿಶ್ವಾಸಕ್ಕಾಗಿ 1417ರಲ್ಲಿ ಪ್ರಾಣ ತೆತ್ತ ನಿಜವಾದ ವ್ಯಕ್ತಿಯೊಬ್ಬನ ಹೆಸರು. ಅವನ ಸಂಬಂಧದ ಕಾಭಮ್ ಪ್ರಭುಗಳ ಮನೆತನಕ್ಕೆ ಇದು ಹಿಡಿಸಲಿಲ್ಲವೆಂದೇ ಹೆಸರು ಬದಲಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಎರಡನೆಯ ಭಾಗದ ಕೊನೆಗೆ, ಓಲ್ಡ್‌ಕ್ಯಾಸಲ್ ಈ ಮನುಷ್ಯನಲ್ಲ ಎಂಬ ಸ್ಪಷ್ಟನೆಯನ್ನೂ ಸೇರಿಸಲಾಯಿತು.

ಇನ್ನು ‘ಹೂಲಿಗನ್’ ಶಬ್ದವನ್ನು ನೋಡಿ. 1898ರ ಬೇಸಗೆಯಲ್ಲಿ ಲಂಡನ್ ಪತ್ರಿಕೆಗಳು ಬೀದಿಯ ಪುಂಡ ಹುಡುಗರನ್ನು ಹಾಗೆ ಕರೆದವು. ಅದರ ಬೇರು ಒಂದು ಐರಿಷ್ ಮನೆತನದ ಹೆಸರು ಎಂಬುದೇ ಹೆಚ್ಚಿನ ನಿಘಂಟುಗಳ ಊಹೆ. ಆ ಹೆಸರಿನ ಸಾಧು ಜನರ ಪರವಾಗಿ ಮಾತಾಡಲು ಯಾವ ಪ್ರಭುವೂ ಇರಲಿಲ್ಲ. ಇಂದು ಫುಟ್‌ಬಾಲ್ ಮೈದಾನದಲ್ಲಿ ಕುರ್ಚಿ ಮುರಿಯುವವನಿಗೂ ಅದೇ ಹೆಸರು.

ಹಾಗಾದರೆ ಪುಂಡಾಟಿಕೆಯನ್ನು ಪುಂಡಾಟಿಕೆ ಎನ್ನಬಾರದೇ ಎಂದು ನೀವು ಕೇಳಬಹುದು. ಖಂಡಿತ ಎನ್ನಬೇಕು. ಲಂಡನ್ನಿನ ಬೀದಿಯಲ್ಲಿ ಪೆಟ್ಟು ತಿಂದವನಿಗೆ ಶಬ್ದದ ಇತಿಹಾಸದಿಂದ ಸಮಾಧಾನವಾಗದು. ಆದರೆ ಅಳತೆಗೋಲು ಒಂದೇ ಇರಬೇಕು. ದೊಡ್ಡ ಮನೆಯ ಮಗನಿಗೆ ಬರೆಯಲು ಕೈ ಅಂಜುವ ಶಬ್ದವನ್ನು ಬೀಡಿ ಕಟ್ಟುವವರ ಮಗನಿಗೆ ಬರೆದರೆ ಅದು ಹುಡುಗನ ಸ್ವಭಾವವನ್ನಲ್ಲ, ಬರೆದವನ ಸ್ವಭಾವವನ್ನು ತೋರಿಸುತ್ತದೆ. ಕುಂಬಳೆ ‘ಕುಂಬಳ’ವಾದರೆ, ಮಂಜೇಶ್ವರದ ತುದಿಗೊಂದು ಸೊನ್ನೆ ಸೇರಿದರೆ ನೋಯುವವರು ನಾವು. ಬೇರೆಯವರು ಇಟ್ಟ ಹೆಸರು ಹೊತ್ತು ನಡೆಯುವ ಕಷ್ಟ ನಮಗೆ ಗೊತ್ತಿದೆ. ಗೊತ್ತಿದ್ದೂ ನಾನು ಹಾಗೆ ಬರೆದೆ.

ನಮ್ಮ ಮನೆಗಳಲ್ಲಿ ಮಕ್ಕಳ ಚೇಷ್ಟೆಗೆ ‘ಲೂಟಿ’ ಎನ್ನುತ್ತಾರೆ. ಕೊಳ್ಳೆ ಹೊಡೆಯುವುದು ಎಂಬ ಅರ್ಥದಲ್ಲೇ ಇಂಗ್ಲಿಷರು ಈ ಶಬ್ದವನ್ನು ಹಿಂದಿಯಿಂದ ಒಯ್ದು ಇಂದಿಗೂ ಬಳಸುತ್ತಿದ್ದಾರೆ. ನಮ್ಮ ಅಜ್ಜಿಯಂದಿರು ಅದೇ ಶಬ್ದವನ್ನು “ಲೂಟಿ ಮಾಡಬೇಡ ಮಗಾ” ಎನ್ನುತ್ತಾ ಮೆತ್ತಗೆ ಮಾಡಿಬಿಟ್ಟರು. ಗದರಿಕೆ ಅದರಲ್ಲೂ ಇದೆ. ಆದರೆ ಸಂಜೆ ಊಟಕ್ಕೆ ಕರೆಯುವ ಹೊತ್ತಿಗೆ ಅದು ಮುಗಿದಿರುತ್ತದೆ.

ನಾನು ಬರೆದದ್ದು ಹಾಗೆ ಮುಗಿಯಲಿಲ್ಲ. ಮುಂದಿನ ಕಾರ್ಡಿನಲ್ಲಿ ಇಬ್ಬರಿಗೂ ‘ಲೈವ್ಲಿ’ ಎಂದೇ ಬರೆದೆ. ತಂದೆ ಸಹಿ ಹಾಕಿ ಕಳುಹಿಸಿದರು, ಏನೂ ಹೇಳಲಿಲ್ಲ. ಅಷ್ಟರಲ್ಲಿ ಆ ಹುಡುಗ ಡೆಸ್ಕು ಬಾರಿಸುವುದನ್ನು ಬಿಟ್ಟಿದ್ದ.